ಚರ್ಚಿನ ಸೇವೆಗೆ ಪಟ್ಟಿ, ಪಾಳಿ, ಲೆಕ್ಕ ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಸಣ್ಣ ಸಭೆಗಳಲ್ಲಿ ಕಮಿಟಿಗೆ ಹೊಸದಾಗಿ ಬಂದವರು, ಸಂಡೇ ಸ್ಕೂಲ್ ಟೀಚರ್‌ಗಳು, ಸ್ತ್ರೀ ಸಂಘದ ಅಕ್ಕಂದಿರು, ಯುವಕ ಸಂಘದ ಹುಡುಗರು ಕೇಳುವ ಪ್ರಶ್ನೆಗಳು ಇವು. ಕೆಲವರು ಕೇಳುವಾಗ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ಅದನ್ನು ತೆಗೆಯದೆ ಹಾಗೇ ಬರೆದಿದ್ದೇನೆ. ನಾನು ಸಿಎಸ್‌ಐ (ದಕ್ಷಿಣ ಇಂಡಿಯಾ ಸಭೆ) ಕಡೆಯವನು, ಅಲ್ಲಿನ ಮಾತಿನಲ್ಲೇ ಹೇಳುತ್ತೇನೆ. ಕಥೋಲಿಕ ಧರ್ಮಕೇಂದ್ರದವರಿಗೆ, ಪೆಂತೆಕೊಸ್ತ್ ಸಭೆಯವರಿಗೆ ಹೆಸರುಗಳು ಬೇರೆ ಇರಬಹುದು, ತಲೆನೋವು ಮಾತ್ರ ಒಂದೇ.

ದೇವರ ಕೆಲಸಕ್ಕೆ ಇಷ್ಟೊಂದು ಲೆಕ್ಕಾಚಾರ ಯಾಕೆ? ಪ್ರೀತಿ ಇದ್ದರೆ ಸಾಲದಾ?

ಪ್ರೀತಿಗೆ ಏನೂ ಕೊರತೆ ಇಲ್ಲದ ಸಭೆಯಲ್ಲೇ ಈ ಗಲಾಟೆ ಮೊದಲು ಶುರುವಾಗಿದ್ದು. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆಗೆದು ನೋಡಿ. ಯೆರೂಸಲೇಮಿನ ಆ ಮೊದಲ ಸಭೆಯವರು ಹೊಲ ಮನೆ ಮಾರಿ ದುಡ್ಡು ತಂದು ಹಂಚಿಕೊಂಡವರು. ಅವರಿಗಿಂತ ಜಾಸ್ತಿ ಪ್ರೀತಿ ನಮಗಿದೆ ಅಂತ ಯಾರಾದರೂ ಹೇಳಲು ಸಾಧ್ಯವಾ? ಅಂಥವರ ನಡುವೆಯೇ, ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟು ಹೋಗುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಬೇಕಂತಲೇ ಯಾರೋ ಅವರನ್ನು ಬಿಟ್ಟರು ಅಂತ ಅಲ್ಲಿ ಬರೆದಿಲ್ಲ. ನಮ್ಮ ಅನುಭವದಲ್ಲಿ ಇಂಥದ್ದು ಹೇಗಾಗುತ್ತದೆ ಹೇಳಿ. ಪರಿಚಯ ಇದ್ದವರ ನೆನಪು ಬೇಗ ಬರುತ್ತದೆ, ಮಾತು ಬಾರದ ಹೊರಗಿನವರು ತಾವಾಗಿ ಬಂದು ಕೇಳುವುದಿಲ್ಲ, ಅಷ್ಟೇ.

ಅಪೊಸ್ತಲರು, ಅಂದರೆ ಯೇಸು ಆರಿಸಿದ ಶಿಷ್ಯರು, ಆಗ ಏನು ಮಾಡಿದರು? "ಎಲ್ಲರೂ ಇನ್ನೂ ಜಾಸ್ತಿ ಪ್ರೀತಿಸಿ" ಅಂತ ಪ್ರಸಂಗ ಮಾಡಿ ಸುಮ್ಮನಾಗಲಿಲ್ಲ. ಒಳ್ಳೆ ಹೆಸರಿರುವ ಏಳು ಜನರನ್ನು ಆರಿಸಿ ಅಂತ ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಈ ಏಳೂ ಗ್ರೀಕ್ ಹೆಸರುಗಳು. ಅಂದರೆ ದೂರು ಬಂದ ಕಡೆಯವರ ಕೈಗೇ ಹಂಚುವ ಕೆಲಸ ಕೊಟ್ಟ ಹಾಗೆ ಕಾಣುತ್ತದೆ. ನನಗೆ ಇಡೀ ಅಧ್ಯಾಯದಲ್ಲಿ ತುಂಬಾ ಹಿಡಿಸುವ ಜಾಗ ಇದು.

ಪಟ್ಟಿ, ಪಾಳಿ, ಲೆಕ್ಕ ಎಲ್ಲದಕ್ಕೂ ಇದೇ ಅಳತೆ. ಯಾರು ಬಿಟ್ಟು ಹೋಗುತ್ತಿದ್ದಾರೆ ಅನ್ನುವುದು ಇದರಿಂದ ಗೊತ್ತಾಗುತ್ತಾ? ಗೊತ್ತಾದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಬಿಡಿ.

ಪವಿತ್ರಾತ್ಮ ನಡೆಸುವಾಗ ನಾವು ಪ್ಲಾನ್ ಮಾಡುವುದು ನಂಬಿಕೆ ಕಡಿಮೆ ಅಂತ ತೋರಿಸಲ್ವಾ?

ಇದನ್ನು ಕೇಳುವವರು ಸಾಮಾನ್ಯವಾಗಿ ಒಳ್ಳೆ ಪ್ರಾರ್ಥನೆ ಮಾಡುವವರು, ಹಾಗಾಗಿ ತಳ್ಳಿಹಾಕಬೇಡಿ. ಎಲ್ಲವೂ ಮರ್ಯಾದೆಯಿಂದ, ಕ್ರಮದಿಂದ ನಡೆಯಲಿ ಅಂತ ಅಪೊಸ್ತಲ ಪೌಲ ಬರೆದಿದ್ದು ಕೊರಿಂಥ ಊರಿನ ಸಭೆಗೆ ಕಳಿಸಿದ ಮೊದಲ ಪತ್ರದಲ್ಲಿ, 1 ಕೊರಿಂಥ 14ರಲ್ಲಿ. ಆ ಅಧ್ಯಾಯ ಇಡೀ ಆತ್ಮದ ವರಗಳ (ಪ್ರವಾದನೆ, ಅನ್ಯಭಾಷೆಯಲ್ಲಿ ಮಾತಾಡುವುದು ಇಂಥವು) ಬಗ್ಗೆಯೇ ಇದೆ. ಕೊರಿಂಥದವರಿಗೆ ವರಗಳು ಬೇಕಾದಷ್ಟು ಇದ್ದವು, ಎಲ್ಲರೂ ಒಟ್ಟಿಗೆ ಶುರು ಮಾಡುತ್ತಿದ್ದರು. ಪೌಲ ವರಗಳೇ ಬೇಡ ಅನ್ನದೆ ಇಬ್ಬರು ಅಥವಾ ಮೂವರು ಮಾತಾಡಲಿ, ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ, ಇನ್ನೊಬ್ಬರಿಗೆ ಏನಾದರೂ ಹೊಳೆದರೆ ಮೊದಲನೆಯವರು ಸುಮ್ಮನಾಗಲಿ ಅನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ: ಎಲ್ಲರೂ ಕಲಿಯಬೇಕು, ಎಲ್ಲರಿಗೂ ಧೈರ್ಯ ಸಿಗಬೇಕು. ಹೊರಗಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತವರಿಗೆ ಏನು ಅರ್ಥವಾಗುತ್ತದೆ ಅನ್ನುವ ಚಿಂತೆಯೂ ಆ ಅಧ್ಯಾಯದಲ್ಲಿ ಇದೆ.

ನಮ್ಮಲ್ಲಿ ಸಾಕ್ಷಿ (ದೇವರು ತಮಗೆ ಮಾಡಿದ್ದನ್ನು) ಹೇಳುವ ಹೊತ್ತು ನೆನಪಿಸಿಕೊಳ್ಳಿ. ಧೈರ್ಯ ಇರುವ ಇಬ್ಬರು ಮೈಕ್ ಹಿಡಿದರೆ ಮುಕ್ಕಾಲು ಗಂಟೆ ಹೋಗುತ್ತದೆ. ವಾರವಿಡೀ ಯೋಚಿಸಿ ಬಂದ ನಾಚಿಕೆ ಸ್ವಭಾವದ ಅಕ್ಕ ಹಾಗೇ ಮನೆಗೆ ಹೋಗುತ್ತಾರೆ. ಐದು ನಿಮಿಷ ಅಂತ ಮೊದಲೇ ಹೇಳಿಟ್ಟರೆ ಆ ಅಕ್ಕನಿಗೂ ಜಾಗ ಸಿಗುತ್ತದೆ.

ನಮ್ಮದು ಇಪ್ಪತ್ತು ಮೂವತ್ತು ಮನೆಯ ಸಭೆ. ಎಲ್ಲರಿಗೂ ಎಲ್ಲರೂ ಗೊತ್ತು. ನಮಗೂ ಬೇಕಾ ಇದೆಲ್ಲ?

ಬೇಕು, ಆದರೆ ಒಂದು ನೋಟ್‌ಬುಕ್ಕಿನಷ್ಟು ಸಾಕು.

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಸಿಎಸ್‌ಐ ಸಭೆಗಳ ಬೇರು ಮೆಥೊಡಿಸ್ಟ್ ಮಿಷನ್‌ನಲ್ಲಿದೆ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಆದಾಗ ಅವು ಅದರೊಳಗೆ ಬಂದವು. ಹಾಗಾಗಿ ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಯ ಈ ವಿಷಯ ನಮ್ಮ ಮನೆ ವಿಷಯದ ಹಾಗೆಯೇ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರ ಸಭಾಮಂದಿರದ ಮೇಲೆ ಸಾಲ ಇತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಒಬ್ಬರು ಹೇಳಿದರು. ಅದೂ ಕೊಡಲಾಗದ ಬಡವರಿದ್ದಾರಲ್ಲ ಅಂದಾಗ, ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ಅವರಲ್ಲಿ ಕೊಡಲಾಗದವರದ್ದನ್ನು ನಾನೇ ಹಾಕುತ್ತೇನೆ ಅಂತ ಅವರೇ ಮುಂದೆ ಬಂದರು. ಹಾಗೆ ಸಭೆಯನ್ನು ಹನ್ನೆರಡರ ಗುಂಪು ಮಾಡಿದರು. ವಾರವಾರ ಪೆನ್ನಿ ಕೇಳಲು ಮನೆಮನೆಗೆ ಹೋದ ಮುಂದಾಳುಗಳಿಗೆ ಆ ಮನೆಗಳ ನಿಜಸ್ಥಿತಿ ಕಾಣಿಸತೊಡಗಿತು. ಮುಂದೆ ಮೆಥೊಡಿಸ್ಟ್ ಸಭೆಗೆ ಬೆನ್ನೆಲುಬಾದ ಕ್ಲಾಸ್ ಮೀಟಿಂಗ್ (ಆ ಸಣ್ಣ ಗುಂಪುಗಳ ವಾರದ ಕೂಟ) ಹುಟ್ಟಿದ್ದು ಹೀಗೆ, ಸಾಲ ತೀರಿಸುವ ಲೆಕ್ಕದ ಪುಸ್ತಕದಿಂದ.

ಎಲ್ಲರಿಗೂ ಎಲ್ಲರೂ ಗೊತ್ತು ಅನ್ನುವ ಸಭೆಯಲ್ಲಿ ಒಂದು ಪರೀಕ್ಷೆ ಮಾಡಿ. ಕಮಿಟಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಕೊಟ್ಟು, ಎರಡು ತಿಂಗಳಿಂದ ಚರ್ಚಿಗೆ ಬಾರದವರ ಹೆಸರು ಬರೆಯಲು ಹೇಳಿ. ಚೀಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲಾ ಚೀಟಿಯಲ್ಲೂ ಬಿಟ್ಟು ಹೋದ ಒಬ್ಬರಾದರೂ ಇದ್ದೇ ಇರುತ್ತಾರೆ, ಅವರನ್ನು ಹುಡುಕಿಕೊಂಡು ಹೋಗಿ.

ನಮ್ಮಲ್ಲಿ ಒಬ್ಬರೇ ಎಲ್ಲಾ ಮಾಡುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಯಾಕೆ ಬದಲಾಯಿಸಬೇಕು?

ಅವರು ಬಿದ್ದುಹೋಗುವ ಮೊದಲು ಬದಲಾಯಿಸಿ ಅಂತ.

ಪ್ರತಿ ಸಭೆಯಲ್ಲೂ ಇಂಥ ಒಬ್ಬರಿರುತ್ತಾರೆ. ಬಾಗಿಲು ತೆಗೆಯುವುದು, ಗಂಟೆ ಹೊಡೆಯುವುದು, ಕರೆಂಟ್ ಬಿಲ್ ಕಟ್ಟುವುದು, ಅಯ್ಯನವರಿಗೆ (ಸಭೆಯ ಪಾದ್ರಿಗೆ) ಬಸ್ ಸಿಗದಿದ್ದರೆ ಸ್ಕೂಟರ್‌ನಲ್ಲಿ ಕರೆತರುವುದು, ಎಲ್ಲವೂ ಅವರೇ. ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. ಅವರಿಗೆ ಜ್ವರ ಬಂದ ಭಾನುವಾರ ಎಲ್ಲರೂ ಚರ್ಚಿನ ಹೊರಗೆ ಮಳೆಯಲ್ಲಿ ನಿಂತಿರುತ್ತಾರೆ.

ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ನ್ಯಾಯ ಹೇಳುತ್ತಿರುತ್ತಾನೆ. ಮಾವ ಇತ್ರೋ ಬಂದು ನೋಡಿ, ನೀನು ಮಾಡುತ್ತಿರುವುದು ಚೆನ್ನಾಗಿಲ್ಲ, ನೀನೂ ಸೋತು ಹೋಗುತ್ತೀಯ, ಈ ಜನರೂ ಸೋತು ಹೋಗುತ್ತಾರೆ ಅನ್ನುತ್ತಾನೆ. ಜನರೂ ಅನ್ನುವ ಮಾತು ಗಮನಿಸಿ. ಕಾಯುತ್ತಾ ನಿಂತವರಿಗೂ ಆಯಾಸ ಅಲ್ವಾ? ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬ ಮುಖಂಡನನ್ನು ಇಡು, ದೊಡ್ಡ ವ್ಯಾಜ್ಯ ಮಾತ್ರ ನಿನ್ನ ಹತ್ತಿರ ಬರಲಿ ಅಂತ ದಾರಿಯನ್ನೂ ತೋರಿಸುತ್ತಾನೆ. ಅಳಿಯ ಮಾವನ ಮಾತು ಕೇಳಿದ ಅಪರೂಪದ ಪ್ರಸಂಗ ಅಂತ ನಮ್ಮಲ್ಲಿ ಒಬ್ಬ ಹಿರಿಯರು ನಗುತ್ತಾ ಹೇಳುತ್ತಿದ್ದರು.

ಬದಲಾಯಿಸುವಾಗ ಆ ಒಬ್ಬರ ಮನಸ್ಸು ನೋಯದ ಹಾಗೆ ನೋಡಿಕೊಳ್ಳಿ. ಅವರಿಂದ ಕೆಲಸ ಕಿತ್ತುಕೊಂಡರು ಅಂತ ಆಗಬಾರದು. "ಅಣ್ಣಾ, ಈ ಇಬ್ಬರು ಹುಡುಗರಿಗೆ ನೀವೇ ಕಲಿಸಿಕೊಡಿ" ಅಂತ ಅವರ ಜೊತೆಗೇ ಬಿಡಿ. ಮೊದಲು ಬೀಗದ ಕೈಯ ಇನ್ನೊಂದು ಜೊತೆ ಮಾಡಿಸಿ, ಉಳಿದದ್ದು ನಿಧಾನಕ್ಕೆ ಆಗಲಿ.

ಕಾಣಿಕೆ ಎಣಿಸುವ ಸರಿಯಾದ ಕ್ರಮ ಯಾವುದು?

ಆರಾಧನೆ ಮುಗಿದ ತಕ್ಷಣ, ಚರ್ಚಿನೊಳಗೇ, ಬಾಗಿಲು ತೆರೆದಿಟ್ಟು, ಒಂದೇ ಮನೆಯವರಲ್ಲದ ಇಬ್ಬರು. ಕಾಣಿಕೆ ಚೀಲವನ್ನು ಮೇಜಿನ ಮೇಲೆ ಸುರಿದು, ಚೀಲ ಒಳಗೆ ಹೊರಗೆ ಮಾಡಿ ಒದರಿ. ಮೂಲೆಯಲ್ಲಿ ಮಡಚಿದ ಹತ್ತು ರೂಪಾಯಿ ಸಿಕ್ಕಿಕೊಂಡಿರುವುದು ಮಾಮೂಲು. ನೋಟು ಬೇರೆ, ಚಿಲ್ಲರೆ ಬೇರೆ, ಹೆಸರು ಬರೆದ ಕವರ್‌ಗಳು ಬೇರೆ. ಒಬ್ಬರು ಎಣಿಸಿ ಪಕ್ಕಕ್ಕಿಟ್ಟದ್ದನ್ನು ಇನ್ನೊಬ್ಬರು ಮತ್ತೆ ಎಣಿಸಬೇಕು. ಎರಡೂ ತಾಳೆಯಾದ ಮೇಲೆ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ, ವೈಟ್ನರ್ ಹಚ್ಚಬೇಡಿ. ಕ್ಯೂಆರ್ ಕೋಡಿಗೆ ಬಂದ ದುಡ್ಡನ್ನೂ ಅದೇ ಪುಟದಲ್ಲಿ ಇನ್ನೊಂದು ಸಾಲಾಗಿ ಬರೆಯಿರಿ. ಆ ಕೋಡು ಚರ್ಚಿನ ಖಾತೆಯದ್ದೇ ಆಗಿರಲಿ, ಯಾರದೋ ಸ್ವಂತ ಫೋನ್ ನಂಬರಿನದ್ದು ಬೇಡ. ಸೋಮವಾರ ಬ್ಯಾಂಕಿಗೆ ಕಟ್ಟಿ ಚಲನ್ ಅದೇ ಪುಟಕ್ಕೆ ಅಂಟಿಸಿ.

"ಈ ವಾರದ ಖರ್ಚಿಗೆ ಇದರಲ್ಲೇ ತೆಗೆದುಕೊಂಡು ಉಳಿದದ್ದು ಕಟ್ಟೋಣ" ಅನ್ನುವುದು ಮಾತ್ರ ಬೇಡವೇ ಬೇಡ. ಬಂದದ್ದು ಪೂರ್ತಿ ಬ್ಯಾಂಕಿಗೆ ಹೋಗಲಿ, ಖರ್ಚು ಬೇರೆ ವೋಚರ್‌ನಲ್ಲಿ ಬರಲಿ. ಲೆಕ್ಕ ಕೆಟ್ಟ ಸಭೆಗಳಲ್ಲಿ ಮುಕ್ಕಾಲು ಪಾಲು ಕೆಟ್ಟಿರುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ.

ನಮ್ಮ ಖಜಾಂಚಿ ದೇವರಂಥ ಮನುಷ್ಯ. ಲೆಕ್ಕ ಕೇಳಿದರೆ ಅವರಿಗೆ ಅವಮಾನ ಅಲ್ವಾ?

ಅಂಥವರಿಗೇ ಲೆಕ್ಕ ಜಾಸ್ತಿ ಬೇಕು. ಪೌಲನಿಗಿಂತ ನಂಬಿಕಸ್ಥರಾ? ಯೆರೂಸಲೇಮಿನ ಬಡವರಿಗೆ ಕೂಡಿಸಿದ ದುಡ್ಡು ಒಯ್ಯುವಾಗ ಸಭೆಗಳು ಆರಿಸಿದ ಬೇರೆಯವರನ್ನೂ ಜೊತೆಗೆ ಕರೆದುಕೊಂಡ. ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿರಬೇಕು ಅನ್ನುವುದು 2 ಕೊರಿಂಥ 8ರಲ್ಲಿ ಅವನೇ ಕೊಟ್ಟ ಕಾರಣ. ಪುಸ್ತಕ ಸರಿಯಿದ್ದರೆ, ನಾಳೆ ಟೀ ಅಂಗಡಿಯಲ್ಲಿ ಯಾರೋ ಏನೋ ಅಂದಾಗ ಆ ಖಜಾಂಚಿಯ ಮರ್ಯಾದೆ ಉಳಿಸುವುದು ಅದೇ ಪುಸ್ತಕ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುವ ರೂಢಿ ಮಾಡಿದರೆ ಯಾರೂ ಕೇಳುವ ಪ್ರಸಂಗವೇ ಬರುವುದಿಲ್ಲ.

ಪಾಳಿ ಹಾಕಿ ಗೋಡೆಗೆ ಅಂಟಿಸಿದ್ದೇವೆ. ಆದರೂ ಜನ ಬರಲ್ಲ. ಏನು ಮಾಡುವುದು?

ಪಾಳಿ ಹಾಕಿದವರು ಯಾವ ತಿಂಗಳ ಕ್ಯಾಲೆಂಡರ್ ನೋಡಿದರು ಅಂತ ಮೊದಲು ಕೇಳಿ. ಬೆಂಗಳೂರಿನ ಸಭೆಯ ಪಾಳಿ ಇಲ್ಲಿಗೆ ಆಗುವುದಿಲ್ಲ. ನವೆಂಬರಿನಿಂದ ಅರೇಬಿಕಾ ಕುಯ್ಲು ಶುರುವಾದರೆ, ಹಿಂದೆಯೇ ರೊಬಸ್ಟಾ ಬಂದು ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತದೆ. ಎಸ್ಟೇಟಿನ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳಲ್ಲಿ) ಇರುವವರಿಗೆ ಆಗ ಭಾನುವಾರವೂ ಕೆಲಸ ಬೀಳಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಮಳೆಯಲ್ಲಿ ಕರೆಂಟ್ ಇಲ್ಲ, ಕೆಲವು ದಿನ ರಸ್ತೆಯೂ ಇಲ್ಲ. ಆಲೂರು, ಸಕಲೇಶಪುರ ಕಡೆ ಆನೆ ಕಾಟ, ಕತ್ತಲಾದ ಮೇಲೆ ಮನೆಕೂಟ (ಮನೆಯಲ್ಲಿ ಸೇರುವ ಪ್ರಾರ್ಥನೆ) ಮುಗಿಸಿಕೊಂಡು ನಡೆದು ಹೋಗಿ ಅಂತ ಹೇಳುವ ಹಾಗೇ ಇಲ್ಲ. ಅಲ್ಲಿ ಮನೆಕೂಟ ನಾಲ್ಕು ಗಂಟೆಗೇ ಇಡಿ, ಅಥವಾ ಭಾನುವಾರ ಆರಾಧನೆ ಆದ ಮೇಲೆ ಇಡಿ. ಕುಯ್ಲಿನ ತಿಂಗಳಲ್ಲಿ ಎಸ್ಟೇಟಿನವರಿಗೆ ಪಾಳಿ ಹಾಕದೆ ಪೇಟೆಯವರಿಗೆ ಹಾಕಿ, ಏಪ್ರಿಲ್, ಮೇನಲ್ಲಿ ತಿರುಗಿಸಿ.

ಇನ್ನೊಂದು, ಗೋಡೆಗೆ ಅಂಟಿಸಿದ ಮಾತ್ರಕ್ಕೆ ಜನರಿಗೆ ಹೇಳಿದ ಹಾಗೆ ಆಗುವುದಿಲ್ಲ. ಪಟ್ಟಿ ಹಾಕುವ ಮುಂಚೆ "ನಿಮಗೆ ಯಾವ ವಾರ ಆಗುತ್ತದೆ?" ಅಂತ ಬಾಯಿಬಿಟ್ಟು ಕೇಳಬೇಕು, ಗುರುವಾರ ಸಂಜೆ ಒಂದು ಫೋನ್ ಮಾಡಬೇಕು. ಕೇಳದೆ ಹೆಸರು ಹಾಕಿಸಿಕೊಂಡವರು ಬಾರದಿದ್ದರೆ ಅವರನ್ನು ದೂರುವುದು ನ್ಯಾಯವಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕಲ್ವಾ?

ಗುಂಪಿನಲ್ಲಿ ಇಲ್ಲದವರು ಯಾರು ಅಂತ ನೋಡಿ. ಕೀಪ್ಯಾಡ್ ಫೋನಿನ ಅಜ್ಜಿ, ಎಸ್ಟೇಟಿನಲ್ಲಿ ಸಿಗ್ನಲ್ ಇಲ್ಲದವರು, ಮೊನ್ನೆ ತಾನೇ ಬಂದ ಹೊರ ರಾಜ್ಯದ ಕೂಲಿಯವರು. ಅಪೊಸ್ತಲರ ಕಾಲದ ವಿಧವೆಯರು ಇವತ್ತು ಇವರೇ. ಗುಡ್ ಮಾರ್ನಿಂಗ್ ಹೂವಿನ ಫೋಟೋಗಳ ನಡುವೆ ಶವಸಂಸ್ಕಾರದ ಸಮಯ ಕಳೆದುಹೋಗುವುದು ಬೇರೆ ಕತೆ.

ಸುಗ್ಗಿ ಹಬ್ಬದ ಊಟದಲ್ಲಿ ಪ್ರತಿ ವರ್ಷ ಜಗಳ. ತಪ್ಪಿಸುವುದು ಹೇಗೆ?

ಕೊನೆ ಪಂತಿಗೆ ಏನು ಉಳಿಯುತ್ತದೆ ಅನ್ನುವುದರಿಂದ ಲೆಕ್ಕ ಶುರು ಮಾಡಿ. ನಮ್ಮ ಕಡೆ ಜಗಳ ಹುಟ್ಟುವುದು ಮೂರನೇ ಪಂತಿಯಲ್ಲಿ. ಮೊದಲ ಪಂತಿಗೆ ಬಡಿಸುವವರು ಕೈ ಬಿಚ್ಚಿ ಮಾಂಸ ಹಾಕುತ್ತಾರೆ, ಎರಡನೇ ಪಂತಿಗೆ ಸಾರು ಜಾಸ್ತಿ ತುಂಡು ಕಡಿಮೆ, ಮೂರನೆಯದಕ್ಕೆ ಸಾರು ಮಾತ್ರ. ಆ ಮೂರನೇ ಪಂತಿಯಲ್ಲಿ ಕೂತವರು ಯಾರು? ಬೆಳಗಿನಿಂದ ಈರುಳ್ಳಿ ಹೆಚ್ಚಿದ ಅಕ್ಕಂದಿರು, ಪಾತ್ರೆ ತೊಳೆದವರು, ದೂರದ ಎಸ್ಟೇಟಿನಿಂದ ತಡವಾಗಿ ನಡೆದು ಬಂದವರು. ಕೊರಿಂಥದಲ್ಲೂ ಹೀಗೇ ಆಯಿತು. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿನ ಪವಿತ್ರ ಊಟಕ್ಕೆ) ಸೇರಿದಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಅಮಲೇರಿರುತ್ತಾನೆ, ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಪೌಲ 1 ಕೊರಿಂಥ 11ರಲ್ಲಿ ಗದರಿಸುತ್ತಾನೆ. ಅವನು ಹೇಳುವ ಉಪಾಯ ಬಹಳ ಸಣ್ಣದು: ಒಬ್ಬರಿಗೊಬ್ಬರು ಕಾಯಿರಿ.

ಐದು ಸಾವಿರ ಜನರಿಗೆ ಊಟ ಹಾಕಿದ ದಿನ ಯೇಸು ಮೊದಲು ಎಲ್ಲರನ್ನೂ ಹಸಿರು ಹುಲ್ಲಿನ ಮೇಲೆ ಪಂಕ್ತಿಯಾಗಿ ಕೂರಿಸಿದರು ಅಂತ ಮಾರ್ಕ 6ರಲ್ಲಿದೆ, ನೂರರ ಹಾಗೆ, ಐವತ್ತರ ಹಾಗೆ. ಅದ್ಭುತ ಮಾಡುವವರಿಗೆ ಸಾಲು ಯಾಕೆ ಬೇಕಿತ್ತು? ಸಾಲು ಇಲ್ಲದಿದ್ದರೆ ರೊಟ್ಟಿ ಬಲಶಾಲಿಗಳ ಕೈಗೆ ಹೋಗುತ್ತಿತ್ತು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಹಿಂದೆ ಉಳಿಯುತ್ತಿದ್ದರು ಅಂತ ನಾನು ಅಂದುಕೊಂಡಿದ್ದೇನೆ. ಆಮೇಲೆ ಉಳಿದ ತುಂಡುಗಳನ್ನೂ ಹನ್ನೆರಡು ಬುಟ್ಟಿ ತುಂಬಿಸಿದರು, ಯಾವುದೂ ಹಾಳಾಗಲಿಲ್ಲ.

ನಮ್ಮ ಮಟ್ಟಕ್ಕೆ ಬಂದರೆ: ಅಡುಗೆ ಮಾಡಿದವರ ಪಾಲನ್ನು ಮೊದಲೇ ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು ಮುಚ್ಚಿ. ಮಾಂಸ ಬಡಿಸುವ ಸೌಟು ಒಬ್ಬರೇ ಹಿಡಿಯಲಿ, ಪಂತಿ ಪಂತಿಗೆ ಬಡಿಸುವವರು ಬದಲಾದರೆ ಅಳತೆಯೂ ಬದಲಾಗುತ್ತದೆ. ಕಮಿಟಿಯವರು, ಅಯ್ಯನವರ ಮನೆಯವರು ಕೊನೆಯ ಪಂತಿಯಲ್ಲಿ ಕೂರಲಿ. ಈ ಒಂದು ನಿಯಮ ತಂದರೆ ಕೊನೆಯ ಪಂತಿಗೆ ಮಾಂಸ ತಾನಾಗಿಯೇ ಉಳಿಯುತ್ತದೆ, ನೋಡುತ್ತಿರಿ.

ಹಬ್ಬಕ್ಕೆ ಕಾಣಿಕೆಯಾಗಿ ಬಂದ ವಸ್ತುಗಳ ಹರಾಜಿನ ವಿಷಯ ಬೇರೆ. ಬಾಳೆಗೊನೆ, ಮೆಣಸು, ತೆಂಗಿನಕಾಯಿ, ನಾಟಿ ಕೋಳಿ ಎಲ್ಲವೂ ಜೋರಾಗಿ ಹೋಗುತ್ತವೆ, ಜಿದ್ದಿಗೆ ಬಿದ್ದರೆ ಒಂದು ನಿಂಬೆಹಣ್ಣು ಕೋಳಿಗಿಂತ ಜಾಸ್ತಿಗೆ ಹೋಗುವುದೂ ಉಂಟು. "ಆಮೇಲೆ ಕೊಡ್ತೀನಿ ಬರ್ಕೊಳ್ಳಿ" ಅಂದವರ ದುಡ್ಡು ಮುಂದಿನ ಸುಗ್ಗಿಯವರೆಗೂ ಬರುವುದಿಲ್ಲ. ಕೂಗುವವರ ಪಕ್ಕದಲ್ಲೇ ಒಬ್ಬರು ವಸ್ತು, ಹೆಸರು, ಮೊತ್ತ ಬರೆದುಕೊಳ್ಳಲಿ. ಅದೇ ದಿನ ಓದಿ ಹೇಳಿ.

ಕ್ರಿಸ್ಮಸ್ ಕ್ಯಾರಲ್ ತಿರುಗಾಟಕ್ಕೂ ಪ್ಲಾನ್ ಬೇಕಾ?

ಬೇಕು. ಮೊದಲ ರಾತ್ರಿಯೇ ದೊಡ್ಡ ಮನೆಗಳಲ್ಲಿ ಕೇಕು, ಕಾಫಿ ಅಂತ ಕೂತರೆ ಕೊನೆಯ ಕಾಲೋನಿಗೆ ಹೋಗುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ದೂರದ ಮನೆ, ಹಾಸಿಗೆ ಹಿಡಿದವರ ಮನೆ ಮೊದಲು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ. ಸ್ಪೀಕರ್ ಬಿಟ್ಟು ಬಾಯಲ್ಲಿ ಹಾಡಿದರೂ ನಮ್ಮ ಹಾಡು ಚೆನ್ನಾಗಿಯೇ ಇರುತ್ತದೆ.

ಸಂಡೇ ಸ್ಕೂಲ್‌ಗೆ ಹಾಜರಿ, ಇಬ್ಬರು ಟೀಚರ್ ಅಂತೆಲ್ಲ ಯಾಕೆ? ನಮ್ಮ ಮಕ್ಕಳೇ ತಾನೇ?

ನಮ್ಮ ಮಕ್ಕಳು ಅಂತಲೇ. ಈ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭವೇ ಬರಬಾರದು. ಪ್ರತಿ ತರಗತಿಗೆ ಇಬ್ಬರು, ಬಾಗಿಲು ತೆರೆದಿರಲಿ, ಯಾವ ಮಗುವನ್ನು ಯಾರು ಕರೆದುಕೊಂಡು ಹೋದರು ಅನ್ನುವುದು ಹಾಜರಿ ಪುಸ್ತಕದಲ್ಲಿ ಇರಲಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಮಾನ ಹೋಗುತ್ತದೆ, ಒಳಗೇ ಮಾತಾಡಿ ಮುಗಿಸೋಣ ಅನ್ನುವ ಹಿರಿಯರು ಇದ್ದರೆ ಅವರಿಗೆ ಈ ಸಾಲನ್ನು ಎರಡು ಸಲ ಓದಿ ಹೇಳಿ.

ಕುರ್ಚಿ ಹಾಕುವುದು, ಮೈಕ್ ಹಿಡಿಯುವುದು ಸೇವೆ ಅಂತ ಅನಿಸಲ್ಲ. ಹಾಡುವವರಿಗೆ, ಪ್ರಸಂಗ ಮಾಡುವವರಿಗೆ ಮಾತ್ರ ಮರ್ಯಾದೆ.

ಯುವಕ ಸಂಘದ ಹುಡುಗರು ಇದನ್ನು ಕೇಳಿದಾಗ ಅರಣ್ಯಕಾಂಡ 4 ಓದಲು ಹೇಳುತ್ತೇನೆ. ಇಸ್ರಾಯೇಲ್ಯರ ಆರಾಧನೆಯ ದೇವದರ್ಶನದ ಗುಡಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ, ಲೇವಿ ಕುಲದ ಮೂರು ಮನೆತನಗಳಲ್ಲಿ ಕೆಹಾತ್ಯರು ಪರಿಶುದ್ಧ ವಸ್ತುಗಳನ್ನು ಹೊರುತ್ತಿದ್ದರು, ಗೇರ್ಷೋನ್ಯರು ಪರದೆಗಳನ್ನು, ಮೆರಾರೀಯರು ಹಲಗೆ, ಕಂಬ, ಗೂಟ, ಹಗ್ಗಗಳನ್ನು. ಗೂಟ ಹೊರುವವರಿಗೂ ಯಾವ ಸಾಮಾನು ಯಾರದ್ದು ಅಂತ ಹೆಸರು ಹಿಡಿದು ಒಪ್ಪಿಸಬೇಕು ಅಂತ ಅಪ್ಪಣೆಯಾಗಿತ್ತು. ಒಂದು ಗೂಟ ಮರೆತು ಬಂದರೆ ಗುಡಾರ ನಿಲ್ಲುವುದಿಲ್ಲ ನೋಡಿ. ಓದಿಸಿ ಬಿಟ್ಟರೆ ಸಾಲದು, ವರ್ಷದ ಕೊನೆಯ ವರದಿಯಲ್ಲಿ ಕುರ್ಚಿ ಹಾಕಿದವರ ಹೆಸರನ್ನೂ ಓದಿ.

ಸಹಾಯ ಹಂಚುವಾಗ ಫೋಟೋ ತೆಗೆಯಬಹುದಾ?

ಅಕ್ಕಿ ಚೀಲದ್ದು ತೆಗೆಯಿರಿ. ತೆಗೆದುಕೊಳ್ಳುವವರ ಮುಖದ್ದು ಬೇಡ. ಸಹಿ ಮಾಡಿಸಿಕೊಂಡ ಪುಸ್ತಕ ಇದ್ದರೆ ಸಾಕ್ಷಿಗೆ ಅದೇ ಸಾಕು, ಅದನ್ನೂ ಎಲ್ಲರಿಗೂ ತೋರಿಸಬೇಡಿ. ಇದೊಂದನ್ನು ನೋಟಿಸ್ ಬೋರ್ಡಿಗೆ ಹಾಕುವ ಹಾಗಿಲ್ಲ.

ಮಾರ್ಥಳಿಗೆ ಯೇಸು ಬುದ್ಧಿ ಹೇಳಿದರಲ್ಲ? ಇಷ್ಟೆಲ್ಲ ಕೆಲಸದ ಗದ್ದಲ ಅದೇ ಅಲ್ವಾ?

ಒಳ್ಳೆ ಪ್ರಶ್ನೆ, ಮತ್ತು ನನಗೆ ಪೂರ್ತಿ ಸಮಾಧಾನ ಆಗಿರುವ ಉತ್ತರ ಇಲ್ಲ. ಲೂಕ 10ರಲ್ಲಿ ಮನೆಗೆ ಬಂದ ಯೇಸುವಿನ ಉಪಚಾರದ ಗಡಿಬಿಡಿಯಲ್ಲಿದ್ದ ಮಾರ್ಥ, ಸಹೋದರಿ ಮರಿಯಳು ಕೂತು ಮಾತು ಕೇಳುತ್ತಿದ್ದಾಳೆ ಅಂತ ದೂರುತ್ತಾಳೆ. ಯೇಸು ಅಡುಗೆ ಮಾಡಬೇಡ ಅನ್ನಲಿಲ್ಲ, ಬಹಳ ವಿಷಯಗಳಿಗೆ ಚಿಂತೆ ಮಾಡಿ ಗಾಬರಿಯಾಗಿದ್ದೀಯ ಅಂದರು. ನನಗೆ ತೋಚುವುದು ಇಷ್ಟು. ಪಾಳಿ ಸರಿಯಿದ್ದರೆ ಮಾರ್ಥಳಿಗೂ ಕೂರಲು ಒಂದು ಭಾನುವಾರ ಸಿಗುತ್ತದೆ. ನಮ್ಮ ಸಭೆಗಳಲ್ಲಿ ಅಡುಗೆಮನೆಯಲ್ಲೇ ಇದ್ದು ವರ್ಷಗಟ್ಟಲೆ ಹಬ್ಬದ ಪ್ರಸಂಗ ಕೇಳದ ತಾಯಂದಿರು ಇದ್ದಾರೆ. ಅವರನ್ನು ಒಳಗೆ ಕೂರಿಸಿ ಗಂಡಸರು ಪಾತ್ರೆ ಹಿಡಿಯಲಿ. ಆದರೆ ಕಮಿಟಿ ಮೀಟಿಂಗ್‌ಗೆ ಎರಡು ಗಂಟೆ, ಪ್ರಾರ್ಥನೆಗೆ ಎರಡು ನಿಮಿಷ ಅಂತ ಆಗಿದ್ದರೆ ಬುದ್ಧಿಮಾತು ನಮಗೇ ಅನ್ವಯಿಸುತ್ತದೆ, ಜಾರಿಕೊಳ್ಳಲು ದಾರಿ ಇಲ್ಲ.

ಕ್ರಮ ಅತಿಯಾಯಿತು ಅಂತ ಗೊತ್ತಾಗುವುದು ಹೇಗೆ?

ಸತ್ತವರ ಮನೆಗೆ ಹೋಗುವ ಮುಂಚೆ "ಚಂದಾ ಬಾಕಿ ಇದೆಯಾ ನೋಡಿ" ಅಂತ ಯಾರಾದರೂ ಅಂದರೆ ಅತಿಯಾಗಿದೆ. ಹೊಸಬರು ಕೂತ ಬೆಂಚಿನಿಂದ "ಇದು ನಮ್ಮ ಜಾಗ" ಅಂತ ಎಬ್ಬಿಸಿದರೆ ಅತಿಯಾಗಿದೆ. ಫಾರಂ ತುಂಬದ ಕಾರಣಕ್ಕೆ ಅಕ್ಕಿ ಸಿಗದೆ ಒಬ್ಬರು ವಾಪಸ್ ಹೋದರೆ, ಅಕ್ಕಿ ಕೊಟ್ಟು ಬನ್ನಿ, ಫಾರಂ ಆಮೇಲೆ ನೀವೇ ತುಂಬಿ.

ಸರಿ, ಶುರು ಎಲ್ಲಿಂದ?

ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಮನೆಯಿಂದ ಹೊರಗೆ ಬರಲಾಗದವರ ಹೆಸರು, ಬೀದಿ, ಫೋನ್, ಕೊನೆಯ ಸಲ ಯಾರು ಯಾವಾಗ ಹೋಗಿದ್ದರು ಅಂತ ನಾಲ್ಕು ಕಾಲಂ ಹಾಕಿ. ನಾಲ್ಕನೇ ಕಾಲಂ ಖಾಲಿ ಇರುವವರ ಮನೆಗೆ ಈ ವಾರವೇ ಇಬ್ಬರು ಹೋಗಿ ಬನ್ನಿ. ಕಾಣಿಕೆ ಪುಸ್ತಕ, ಪಾಳಿ, ಹರಾಜಿನ ಬಾಕಿ ಇವನ್ನೆಲ್ಲ ಮುಂದಿನ ಕಮಿಟಿಯಲ್ಲಿ ನೋಡೋಣ.